ಇನ್ನೂರ ಹನ್ನೆರಡನೇ ನಂಬರಿನ ಕೋಟು

ಆ ಮಂಗಳವಾರವೂ ಜಗಳ ಯಂತ್ರದಿಂದಲೇ ಶುರುವಾಯಿತು.

ದರ್ಜಿಯ ಹೆಂಡತಿ ಅಂಗಡಿಯ ಬಾಗಿಲು ತೆಗೆದು ಮೆಟ್ಟಿಲು ಗುಡಿಸುತ್ತಿದ್ದಳು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಹೊಲಿಗೆ ಯಂತ್ರ ಎರಡು, ಬಟ್ಟೆ ಕತ್ತರಿಸುವ ಮೇಜು ಒಂದು, ನಿಲುಗನ್ನಡಿ ಒಂದು, ಮೂಲೆಯಲ್ಲಿ ಆ ಹಳೇ ಕಂಪ್ಯೂಟರು. ಗಂಡ ಬಂದು ಅದರ ಗುಂಡಿ ಒತ್ತಿದ. ಅದು ಮುದುಕನ ಹಾಗೆ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ, ಇವತ್ತು ಯಾವ ತಾರೀಖು ಎಂದು ಕೇಳಿತು.

"ನೋಡಿ, ಮತ್ತೆ ಕೇಳ್ತು," ಎಂದಳು ಅವಳು ಪೊರಕೆ ಹಿಡಿದೇ. "ನಿನ್ನೆ ತಾನೇ ಹೇಳಿದ್ರಿ."

"ಅದು ನಿನ್ನೆ ತಾರೀಖು ಕಣೇ."

"ಅದಕ್ಕೆ ಒಂದು ಕೂಡಿಸ್ಕೊಳ್ಳೋಕೆ ಬರಲ್ವಾ? ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೇ ಬರುತ್ತೆ."

"ಅದರೊಳಗೆ ಗಡಿಯಾರ ಇಲ್ಲ. ಆರಿಸಿದ್ರೆ ಅದಕ್ಕೆ ಕಾಲ ಅಲ್ಲಿಗೇ ನಿಂತುಹೋಯ್ತು. ಬೆಳಿಗ್ಗೆ ಎದ್ದಾಗ ಏನೂ ನೆನಪಿರಲ್ಲ. ಯಾರಾದರೂ ಹೇಳಬೇಕು, ಪಾಪ."

ಆ 'ಪಾಪ' ಅವಳಿಗೆ ಸೂಜಿಯ ಹಾಗೆ ಚುಚ್ಚಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಅವಳಿಗೆ ಎಷ್ಟು ಸಲ ಜ್ವರ ಬಂದಿತ್ತು, ಅವನು ಎಷ್ಟು ಸಲ ಪಾಪ ಎಂದಿದ್ದ, ಎರಡೂ ಅವಳಿಗೆ ನೆನಪಿತ್ತು. (ಅವಳೊಳಗೆ ಗಡಿಯಾರ ಇತ್ತು.)

ಆ ಯಂತ್ರ ಟೈಪಿಂಗ್ ಮೇಷ್ಟ್ರ ಕೊಡುಗೆ. ಅವರ ಟೈಪಿಂಗ್ ಶಾಲೆ ಮುಚ್ಚಿದಾಗ ಬೆಂಚು ಬಡಗಿಗೆ ಹೋಯಿತು, ಕಪ್ಪುಹಲಗೆ ಬೇಕರಿಗೆ ಹೋಯಿತು, ಯಾರಿಗೂ ಬೇಡವಾದ ಈ ಕಂಪ್ಯೂಟರು ದರ್ಜಿಯ ಕೊರಳಿಗೆ ಬಿತ್ತು. ಅವನು ಅದನ್ನು ಹೊಸ ಅಳಿಯನನ್ನು ಬರಮಾಡಿಕೊಂಡ ಹಾಗೆ ಬರಮಾಡಿಕೊಂಡ. ಜೊತೆಗೊಂದು ಬಿಸ್ಕತ್ತಿನ ಡಬ್ಬಿ ಬಂತು. ಅದರ ತುಂಬ ಚೌಕದ ಕಪ್ಪು ಫ್ಲಾಪಿಗಳು. ಡಬ್ಬಿಯ ಮೇಲೆ ಅವನು ದಪ್ಪಕ್ಷರದಲ್ಲಿ 'ಉಪಯುಕ್ತ' ಎಂದು ಬರೆದು ಅಂಟಿಸಿದ್ದ. ಒಂದು ಫ್ಲಾಪಿ ಹಾಕಿದರೆ ಯಾವ ವರ್ಷದ ಯಾವ ದಿನ ಯಾವ ವಾರ ಎಂದು ಹೇಳುತ್ತಿತ್ತು. ಒಂದು ಕಾಗದ ಬರೆಯುವುದಕ್ಕೆ. ಇನ್ನೊಂದು, ಯಂತ್ರ ಆರಿಸುವ ಮೊದಲು ಅದರ ಹೊಟ್ಟೆಯೊಳಗೆ ತಿರುಗುವ ತಟ್ಟೆಯನ್ನು ಓದುವ ಮುಳ್ಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮಲಗಿಸುವುದಕ್ಕೆ. ದಿನಾ ಅವನು ಅದನ್ನು ಹಾಗೆ ಮಲಗಿಸಿಯೇ ಊಟಕ್ಕೆ ಬರುತ್ತಿದ್ದ.

"ನನ್ನನ್ನ ಒಂದು ದಿನ ಹೀಗೆ ಮಲಗಿಸಿದ್ರಾ?" ಎಂದು ಅವಳು ಕೇಳಿದ್ದುಂಟು.

"ನಿನ್ನನ್ನ ಆರಿಸೋ ಗುಂಡಿ ಎಲ್ಲಿದೆ ಅಂತ ಇನ್ನೂ ಹುಡುಕ್ತಿದ್ದೀನಿ," ಎಂದಿದ್ದ ಅವನು.

ಅಂಗಡಿಯ ಗಿರಾಕಿಗಳೆಲ್ಲ ಆ ಯಂತ್ರದೊಳಗೆ ಇದ್ದರು. ಒಬ್ಬೊಬ್ಬರಿಗೆ ಒಂದು ನಂಬರು, ಒಂದು ಕಡತ. ಎದೆ, ಸೊಂಟ, ತೋಳು, ಪ್ರತಿ ವರ್ಷ ಯಾವ ದಿನ ಏನು ಹೊಲಿಸುತ್ತಾರೆ ಎಂಬುದು. ಬೆಳಿಗ್ಗೆ ತಾರೀಖು ಹೇಳಿದರೆ ಆ ದಿನ ಯಾರಿಗೆ ಏನು ಎಂದು ಯಂತ್ರ ಪಟ್ಟಿ ಕೊಡುತ್ತಿತ್ತು.

ಮಂಗಳವಾರದ ಪಟ್ಟಿಯಲ್ಲಿ ಏನಿತ್ತೋ ಗೊತ್ತಿಲ್ಲ. ಅವನು ಮಾತ್ರ ಒಂದು ಕಡುನೀಲಿ ಉಣ್ಣೆ ಬಟ್ಟೆ ಹಾಸಿಕೊಂಡು ಕೋಟು ಕತ್ತರಿಸುತ್ತಿದ್ದ.

"ಯಾರದ್ದು?" ಎಂದಳು.

"ಇನ್ನೂರ ಹನ್ನೆರಡು."

"ಅದು ನಂಬರಾಯ್ತು. ಆಸಾಮಿ ಯಾರು?"

"ಗಿರಾಕಿ ಗುಟ್ಟು," ಎಂದ.

ಅವಳು ಬೆನ್ನಿನ ಭಾಗ ಎತ್ತಿ ಹಿಡಿದಳು. "ಇದೇನ್ರೀ, ಕೋಟೋ, ನೀರಿನ ಡ್ರಮ್ಮಿಗೆ ಹೊದಿಕೆಯೋ? ಒಂದು ಹೆಗಲು ಮೇಲೆ, ಒಂದು ಹೆಗಲು ಕೆಳಗೆ. ತೋಳು ನೋಡಿದ್ರೆ ಮೊಣಕೈ ದಾಟಿ ಸುಸ್ತಾಗಿ ನಿಂತಿದೆ. ಇಂಥ ಮಹಾನುಭಾವರು ನಮ್ಮ ಬೀದೀಲಿ ಯಾರಿದ್ದಾರೆ?"

ಅವನು ಕತ್ತರಿ ಕೆಳಗಿಟ್ಟು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇಷ್ಟು ನಗೋಕೆ ನಾನೇನು ಹೇಳಿದೆ?" ಎಂದು ಅವಳು ಬೇರೊಂದು ಅಂಗಿಗೆ ಗುಂಡಿಯ ಕಾಜಾ ಹೊಲಿಯಲು ಕೂತಳು. ಸಂಜೆಯವರೆಗೂ ಅವನು ನಡುನಡುವೆ ಅವಳನ್ನು ನೋಡಿ ನಗುತ್ತಲೇ ಇದ್ದ.

ಬುಧವಾರ ಬೆಳಿಗ್ಗೆ ಅವನು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಅವನೊಳಗೂ ಯಾವುದೋ ಮುಳ್ಳು ಇತ್ತು. ಅದನ್ನು ಮಲಗಿಸುವುದು ಯಾರಿಗೂ ಗೊತ್ತಿರಲಿಲ್ಲ.

ಅದು ಸೆಪ್ಟೆಂಬರಿನ ಮೊದಲ ವಾರ. ತಿಂಗಳು ಕಳೆಯುವುದರೊಳಗೆ ಅವಳ ನಾದಿನಿ ಬಂದಳು. ಗಂಡನ ತಂಗಿ, ಎರಡು ಬೀದಿ ಆಚೆ ಮನೆ, ಬಾಯಿ ಮಾತ್ರ ಈ ಬೀದಿಯವರೆಗೂ ಕೇಳಿಸುತ್ತಿತ್ತು.

"ಅತ್ತಿಗೆ, ಈ ಅಂಗಡಿಗೆ ಬೀಗ ಹಾಕಿ. ಈ ಗುಜರಿ ಡಬ್ಬಾನ ಗುಜರಿಯವನಿಗೆ ಕೊಡಿ. ನಮ್ಮನೇಗೆ ಬಂದುಬಿಡಿ."

"ಮೇಜಿನ ಮೇಲೆ ಏನಿದೆ ನೋಡು."

ಮೇಜಿನ ಮೇಲೆ ಕಡುನೀಲಿ ಬಟ್ಟೆಯ ತುಂಡುಗಳು ಅವನು ಕಟ್ಟಿಟ್ಟ ಹಾಗೇ ಇದ್ದವು. ಮೇಲೆ ಗುಂಡುಸೂಜಿಯಲ್ಲಿ ಒಂದು ಚೀಟಿ. ೨೧೨. ಅಷ್ಟೇ.

"ನಿಮ್ಮಣ್ಣ ಕತ್ತರಿಸಿದ ಕೊನೇ ಬಟ್ಟೆ," ಎಂದಳು ಅವಳು. "ಇದನ್ನ ಹೊಲಿದು, ಯಾರದೋ ಅವರ ಮೈಗೆ ಹಾಕಿ ಕಳಿಸ್ತೀನಿ. ಅಲ್ಲಿವರೆಗೂ ಬೀಗ ಇಲ್ಲ."

"ಯಾರದು?"

"ಅದು ಡಬ್ಬಾಗೆ ಗೊತ್ತು."

"ಕಳಿಸಿದ ಮೇಲೆ ಬರ್ತೀರಾ?"

"ಬರ್ತೀನಿ."

ಮಾತು ಮಾತೇ ಎಂದು ನಾದಿನಿ ಅಂಗೈ ಚಾಚಿದಳು. ಇವಳು ತಟ್ಟಿದಳು.

ಅಕ್ಟೋಬರ್ ಒಂದನೇ ತಾರೀಖು ಅವಳು ಮೊದಲ ಸಲ ಯಂತ್ರದ ಗುಂಡಿ ಒತ್ತಿದಳು. ಅದು ಗೊರಗೊರ ಎಂದು, ತಾರೀಖು ಕೇಳಿತು. ಪಕ್ಕದಲ್ಲಿ ಕಂಸದೊಳಗೆ ಎರಡು ಎಂ, ಎರಡು ಡಿ, ಎರಡು ವೈ ಇದ್ದವು. (ಕಂಸದೊಳಗಿನ ಮಾತನ್ನು ಯಾರು ಓದುತ್ತಾರೆ?) ಅವಳು ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಒಂದು, ಹತ್ತು, ಆಮೇಲೆ ವರ್ಷ ಒತ್ತಿದಳು. ಯಂತ್ರ ಒಪ್ಪಿಕೊಂಡಿತು. ಹೆಮ್ಮೆಯಿಂದ ಅವಳ ಬೆನ್ನು ನೇರವಾಯಿತು.

ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಗಂಡ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಕ್ಷರ ಮಾತ್ರ ಬರುತ್ತಿತ್ತು. ಹೀಗೆ ಇಬ್ಬರೂ ಅರ್ಧರ್ಧ ದಾರಿ ನಡೆದು ಬಂದು ಒಂದೆಡೆ ಕೂತರು. ಅವನು ಒತ್ತುತ್ತಿದ್ದ ಹಾಗೆ ೨೧೨ ಒತ್ತಿದಾಗ ಕಡತ ತೆರೆಯಿತು. ಎದೆ ನಲವತ್ತು. ಸೊಂಟ ನಲವತ್ತೆರಡು. ಬಲಹೆಗಲು ಅರ್ಧ ಇಂಚು ಇಳಿಜಾರು. ತೋಳು ಗಿಡ್ಡ. ಕೊಡುವ ದಿನ ಹನ್ನೆರಡು, ಹತ್ತು. ಹೆಸರಿನ ಜಾಗ ಖಾಲಿ. ಕೆಳಗೆ ಮೂಲೆಯಲ್ಲಿ ಒಂದು ಸಣ್ಣ ಇಂಗ್ಲಿಷ್ ಪದ ಮಿಣುಕುತ್ತಿತ್ತು. ಮುಗಿಯಿತು ಎಂದಿರಬೇಕು ಎಂದು ಅವಳು ಯಂತ್ರ ಆರಿಸಿದಳು.

ಹನ್ನೆರಡು, ಹತ್ತು. ಎಂದರೆ ಅಕ್ಟೋಬರ್ ಹನ್ನೆರಡು. ಹನ್ನೊಂದೇ ದಿನ ಉಳಿದಿತ್ತು. ಅವಳು ಊಟ ನಿದ್ದೆ ಬಿಟ್ಟು ಕೂತಳು. (ನಿದ್ದೆ ಬಿಟ್ಟಿದ್ದು ನಿಜ. ಊಟದ ವಿಷಯ ಮುಂದೆ ಬರುತ್ತದೆ.) ಕತ್ತರಿಸಿದ್ದು ಅವನು, ಜೋಡಿಸುವುದು ಅವಳಿಗೆ ಬರುತ್ತಿತ್ತು. ಕಾಜಾದ ಗುರುತು ಹಾಕುವ ಮೊದಲೇ ಅವನು ಹೋಗಿದ್ದ. ಗಂಡಸರ ಕೋಟಿಗೆ ಕಾಜಾ ಎಡಕ್ಕೆ, ಹೆಂಗಸರದಕ್ಕೆ ಬಲಕ್ಕೆ, ಹಾಕಿದ್ದರೆ ಗಂಡಸೋ ಹೆಂಗಸೋ ಎಂದಾದರೂ ತಿಳಿಯುತ್ತಿತ್ತು. ಇಂಥ ಸೊಂಟ ಗಂಡಸರಿಗೇ ಇರಬೇಕು ಎಂದುಕೊಂಡು ಅವಳು ಗಂಡಸರ ಕಡೆಗೆ ಕಾಜಾ ಹೊಲಿದಳು. ಹನ್ನೆರಡನೇ ತಾರೀಖು ಕೋಟಿಗೆ ಇಸ್ತ್ರಿ ಹಾಕಿ, ತೋಳ ಮೇಲೆ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬಾಗಿಲಲ್ಲಿ ನಿಂತಳು.

ಯಾರೂ ಬರಲಿಲ್ಲ.

ಹದಿಮೂರನೇ ತಾರೀಖು ಯಂತ್ರ ತಾರೀಖನ್ನೇ ಒಪ್ಪಲಿಲ್ಲ. ಹದಿಮೂರು, ಹತ್ತು ಎಂದರೆ ಬೇಡ ಎಂದಿತು. ಮತ್ತೆ ಕೇಳಿತು. ಮತ್ತೆ ಬೇಡ ಎಂದಿತು. ಹದಿನಾಲ್ಕಕ್ಕೂ ಅದೇ, ಮೂವತ್ತಕ್ಕೂ ಅದೇ. ನವೆಂಬರ್ ಒಂದಕ್ಕೆ ಏನೂ ಆಗದವರ ಹಾಗೆ ಸರಿಹೋಯಿತು. ಹದಿಮೂರಕ್ಕೆ ಮತ್ತೆ ಮುಖ ತಿರುಗಿಸಿತು.

"ತಿಂಗಳಿಗೆ ಹನ್ನೆರಡು ದಿನ ಕೆಲಸ, ಉಳಿದ ದಿನ ಮುನಿಸು," ಎಂದಳು ನಾದಿನಿಗೆ. "ನಿಮ್ಮಣ್ಣನೇ ಸಾಕಿದ್ದಲ್ವಾ. ಅದೇ ಬುದ್ಧಿ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ನಾದಿನಿ.

ಕೆಲಸ ಮಾಡುವ ಹನ್ನೆರಡು ದಿನವಾದರೂ ಯಂತ್ರ ನೆಟ್ಟಗಿತ್ತೇ ಎಂದರೆ, ಅದೂ ಇಲ್ಲ. ಅಕ್ಟೋಬರ್ ಐದಕ್ಕೆ ಅದರ ಪಟ್ಟಿಯಲ್ಲಿ ಅಂಚೆಯವನ ಮಳೆಕೋಟು ಬಂತು. ಅವಳು ಅವನನ್ನು ಬೀದಿಯಲ್ಲಿ ತಡೆದು ಹೇಳಿದಳು.

"ಮಳೆ ಹೋಗಿ ತಿಂಗಳಾಯ್ತಲ್ಲಮ್ಮ."

"ಯಂತ್ರದಲ್ಲಿದೆ."

ಅಂಚೆಯವನು ಆಕಾಶ ನೋಡಿದ. ಒಂದು ತುಂಡು ಮೋಡ ಇರಲಿಲ್ಲ. ಅವಳ ಮುಖ ನೋಡಿದ. "ಹಾಗಾದ್ರೆ ಹೊಲೀರಿ," ಎಂದ. ಹೊಲಿದು ಕೊಟ್ಟ ಮೇಲೆ ಮರ್ಯಾದೆಗೆ ಅವಳ ಅಂಗಡಿ ದಾಟುವಾಗ ಅದನ್ನು ಹಾಕಿಕೊಂಡು, ತಿರುವಿನಲ್ಲಿ ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ. ನವೆಂಬರ್ ನಾಲ್ಕಕ್ಕೆ ಈಜುಕೊಳದ ಕಾವಲುಗಾರನಿಗೆ ಬೇಸಿಗೆಯ ಅರ್ಧ ಚಡ್ಡಿ ಬಂತು. ಚಳಿಗೆ ಕೊಳವೇ ಮುಚ್ಚಿತ್ತು. ಅವನೂ "ಯಂತ್ರದಲ್ಲಿದ್ರೆ ಸರಿ" ಎಂದು ನಡುಗುತ್ತಲೇ ಒಯ್ದ.

ಇದರ ನಡುವೆ ಅವಳು ಇನ್ನೂರ ಹನ್ನೆರಡನ್ನು ಹುಡುಕುತ್ತಿದ್ದಳು. ದರ್ಜಿಯ ಹೆಂಡತಿಗೆ ಬೀದಿಯಲ್ಲಿ ಮುಖ ಕಾಣುವುದಿಲ್ಲ, ಅಳತೆ ಕಾಣುತ್ತದೆ. ಬೇಕರಿಯವನಿಗೆ ಸೊಂಟ ಸರಿ, ಹೆಗಲು ಮಟ್ಟ. ಬಡಗಿಗೆ ಹೆಗಲು ಇಳಿಜಾರು, ಸೊಂಟ ಇಲ್ಲವೇ ಇಲ್ಲ. ಸಿಕ್ಕಿದವರಿಗೆಲ್ಲ ವಿವರಿಸಿದಳು.

"ಡ್ರಮ್ಮಿನ ಹಾಗಿರ್ತಾನೆ. ಒಂದು ಕಡೆ ವಾಲಿರ್ತಾನೆ, ಯಾರೋ ಗೋಡೆಗೆ ಒರಗಿಸಿಟ್ಟು ಮರೆತ ಹಾಗೆ. ಕೈ ಎರಡೂ ಮೋಟು. ಕಂಡ್ರೆ ಕಳಿಸಿ."

ಬೇಕರಿಯವನು ಅವಳನ್ನೇ ಎರಡು ನಿಮಿಷ ನೋಡಿ, "ಕಂಡ್ರೆ ಕಳಿಸ್ತೀನಿ," ಎಂದು ಒಳಗೆ ಹೋದ. ಒಳಗೆ ಏನೋ ಬಿದ್ದ ಸದ್ದಾಯಿತು. ನಗು ತಡೆಯಲಾರದೆ ತಟ್ಟೆ ಕೈಬಿಟ್ಟಿದ್ದ ಎಂದು ಅವಳಿಗೆ ಬಹಳ ದಿನ ತಿಳಿಯಲಿಲ್ಲ.

ಡಿಸೆಂಬರ್ ಎಂಟಕ್ಕೆ ಅವಳಿಗೆ ಹೊಳೆಯಿತು. ಟೈಪಿಂಗ್ ಮೇಷ್ಟ್ರು. ನಲವತ್ತು ವರ್ಷ ಟೈಪು ಹೊಡೆದು ಅವರ ಬಲಹೆಗಲು ಇಳಿದಿತ್ತು. ಹೇಳಿ ಕಳಿಸಿದಳು. ಮೇಷ್ಟ್ರು ಬಂದರು. ನಾದಿನಿ ಕರೆಯದೆಯೇ ಬಂದಳು.

ಕೋಟು ಹಾಕಿದರೆ ಮೇಷ್ಟ್ರ ಮುಂಗೈ ಪೂರ್ತಿ ಹೊರಗೆ ಉಳಿಯಿತು. ಹೊಟ್ಟೆಯ ಜಾಗದಲ್ಲಿ ಇನ್ನೊಬ್ಬ ಮೇಷ್ಟ್ರು ಕೂರಬಹುದಿತ್ತು.

"ಇದು ನಾನಲ್ಲ, ತಾಯಿ," ಎಂದರು ಅವರು ಕನ್ನಡಿ ನೋಡಿ. "ಗಣಕಯಂತ್ರವನ್ನೇ ವಿಚಾರಿಸೋಣ. ಅದು ಸುಳ್ಳು ಹೇಳಲ್ಲ."

ಕೂತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದೇನು ತಾಯಿ, ಇವತ್ತು ಆಗಸ್ಟ್ ಹನ್ನೆರಡು ಅಂತಿದೆ?"

"ಎಂಟು, ಹನ್ನೆರಡು. ಇವತ್ತಿನದೇ ಹೇಳಿದ್ದೀನಿ."

"ಇದಕ್ಕೆ ತಿಂಗಳು ಮೊದಲು ಹೇಳಬೇಕು. ಆಮೇಲೆ ದಿನ."

ಎತ್ತು ಏರಿಗೆ, ಕೋಣ ನೀರಿಗೆ. ಎರಡು ತಿಂಗಳು ಹಾಗೆ ಎಳೆದಾಡಿದ್ದರು ಅವಳೂ ಯಂತ್ರವೂ. ಹದಿಮೂರನೇ ತಿಂಗಳು ಎಲ್ಲಿಂದ ತರಲಿ ಎಂದು ಅದು ಗೋಳಾಡಿದ್ದನ್ನು ಅವಳು ಮುನಿಸು ಎಂದುಕೊಂಡಿದ್ದಳು.

"ಅಂದ್ರೆ ಮಳೆಕೋಟು?"

"ಮೇ ತಿಂಗಳದ್ದು. ಅಕ್ಟೋಬರ್ ಹತ್ತು, ನವೆಂಬರ್ ಹನ್ನೊಂದು, ಈ ಎರಡು ದಿನ ಮಾತ್ರ ನೀವಿಬ್ಬರೂ ಒಂದೇ ಕಾಲದಲ್ಲಿದ್ರಿ."

"ಪಟ್ಟಿ ಕಾಲ ತಪ್ಪಿದ್ದು ಬೀದಿಗೆಲ್ಲ ಗೊತ್ತಿತ್ತು ಅತ್ತಿಗೆ," ಎಂದಳು ನಾದಿನಿ. "ದುಃಖದಲ್ಲಿದ್ದೀರಿ ಅಂತ ಯಾರೂ ಬಾಯಿ ಬಿಡಲಿಲ್ಲ."

"ನೀನೂ ಬಿಡಲಿಲ್ವಲ್ಲ. ಅದೊಂದು ಆಶ್ಚರ್ಯ."

"ಹಾಗಾದರೆ ಈ ಕೋಟು," ಎಂದರು ಮೇಷ್ಟ್ರು ಕಡತ ತೆರೆದು, "ಹನ್ನೆರಡು, ಹತ್ತು. ಡಿಸೆಂಬರ್ ಹತ್ತಕ್ಕೆ ಕೊಡಬೇಕು. ನಾಡಿದ್ದು. ಇರಿ, ಇಷ್ಟು ಮುಖ್ಯವಾದ ಕಡತ, ಸುರಕ್ಷಿತವಾಗಿರಲಿ ಅಂತ ಒಂದು ನಕಲು ಮಾಡಿಬಿಡ್ತೀನಿ."

ಹತ್ತು ಬೆರಳೂ ಕೀಲಿಗಳ ಮೇಲೆ ಹರಿದವು. ಮೇಷ್ಟ್ರು ಕೀಲಿ ನೋಡದೆ ಒತ್ತುತ್ತಿದ್ದರು. ಅದೇ ಅವರ ಹೆಮ್ಮೆ. ಪರದೆಯನ್ನೂ ನೋಡಲಿಲ್ಲ. ಅದೇ ತಪ್ಪಾಯಿತು.

ಪರದೆ ಖಾಲಿಯಾಯಿತು.

"ಏನಾಯ್ತು?" ಎಂದಳು ಅವಳು.

ಮೇಷ್ಟ್ರು ಇನ್ನೊಂದು ಕೀಲಿ ಒತ್ತಿ ನೋಡಿದರು. ಅವರ ಹಣೆಯ ಮೇಲೆ ಅಂಚೆಯವನ ಬೆವರು ಬಂತು.

"ಅಳಿಸಿಬಿಟ್ರಾ?"

"ಸುರಕ್ಷಿತವಾಗಿರಲಿ ಅಂತಲೇ..."

ಅವಳು ಕೂಗಾಡಲಿಲ್ಲ. ಮೇಜಿನ ತುದಿ ಹಿಡಿದುಕೊಂಡು ಕೂತಳು. ಅವನ ಕೊನೇ ಕೆಲಸದ ಯಜಮಾನನನ್ನು ತಿಳಿದಿದ್ದದ್ದು ಇಬ್ಬರೇ. ಒಬ್ಬ ಸೆಪ್ಟೆಂಬರಿನಲ್ಲಿ ಹೋದ. ಇನ್ನೊಂದು ಈಗ.

ನಾದಿನಿ ಅತ್ತಿಗೆಯ ಮುಖ ನೋಡಿದಳು. ಆಮೇಲೆ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ತಂದು ಮೇಷ್ಟ್ರ ಮುಂದೆ ಕುಕ್ಕಿದಳು.

"ಉಪಯುಕ್ತ ಅಂತ ಬರೆದಿದ್ದಾನೆ ನಮ್ಮಣ್ಣ. ಉಪಯೋಗ ಮಾಡಿ ತೋರ್ಸಿ."

ಮೇಷ್ಟ್ರು ಒಂದೊಂದೇ ಫ್ಲಾಪಿ ತೆಗೆದರು. ಪ್ರತಿಯೊಂದರ ಮೇಲೂ ಅವನ ದುಂಡು ಬರಹ. ವಾರ ಹೇಳುವುದು. ಕಾಗದ ಬರೆಯುವುದು. ಮುಳ್ಳು ಮಲಗಿಸುವುದು. ಒಂಬತ್ತನೆಯದರ ಮೇಲೆ ಹೀಗಿತ್ತು: ಹೋದದ್ದನ್ನು ವಾಪಸ್ ತರುವುದು.

ಅವಳು ಆ ಚೀಟಿಯನ್ನು ಎರಡು ಸಲ ಓದಿದಳು.

"ಕಡತ ಮಾತ್ರ, ತಾಯಿ," ಎಂದರು ಮೇಷ್ಟ್ರು ಮೆಲ್ಲಗೆ.

"ಗೊತ್ತು. ಹಾಕಿ."

ಫ್ಲಾಪಿ ಒಳಗೆ ಹೋಗಿ ಕರಕರ ಎಂದಿತು. ಪರದೆಯ ಮೇಲೆ ಒಂದು ಪ್ರಶ್ನೆಯ ಗುರುತು, ಅದರ ಪಕ್ಕ ಹನ್ನೆರಡು.

"ಅಳಿಸಿದ್ರೆ ಈ ಯಂತ್ರ ಕಡತದ ಹೆಸರಿನ ಮೊದಲಕ್ಷರ ಒಂದನ್ನೇ ಮರೆಯೋದು," ಎಂದರು ಮೇಷ್ಟ್ರು. ಅವರಿಗೆ ಉಸಿರು ಮರಳಿತ್ತು. "ಉಳಿದದ್ದೆಲ್ಲ ಒಳಗೇ ಇರುತ್ತೆ. ಅದೊಂದನ್ನ ನಾವು ಹೇಳಿದ್ರೆ ಸಾಕು."

"ದಿನಾ ಬೆಳಿಗ್ಗೆ ಹೇಳಬೇಕು, ಈಗ ಇದನ್ನೂ ಹೇಳಬೇಕು," ಎಂದು ಅವಳು ಎದ್ದು ಬಂದು, ಕೋಟಿನ ಚೀಟಿ ನೋಡಿಕೊಂಡು, ತಾನೇ ಎರಡರ ಕೀಲಿ ಒತ್ತಿದಳು.

ಎದೆ ನಲವತ್ತು, ಸೊಂಟ ನಲವತ್ತೆರಡು. ಮರಳಿ ಬಂದಿತ್ತು.

"ಆಮೇಲಿನ ಪುಟ ನೋಡಿದ್ರಾ?" ಎಂದರು ಮೇಷ್ಟ್ರು.

"ಯಾವ ಪುಟ? ಅಲ್ಲಿಗೆ ಮುಗೀತಲ್ಲ."

"ಕೆಳಗೆ ಮಿಣುಕ್ತಿರೋದು ಮುಗೀತು ಅಂತಲ್ಲ. ಇನ್ನೂ ಇದೆ ಅಂತ." ಮೇಷ್ಟ್ರು ಒಂದು ಕೀಲಿ ಒತ್ತಿ, ಕಾಗುಣಿತ ಕೂಡಿಸಿಕೊಂಡು ಜೋರಾಗಿ ಓದತೊಡಗಿದರು. "ಟೇಪು ಹಿಡಿಯಬಾರದು, ಕಣ್ಣಳತೆ. ಕೇಳಿದರೆ ಹೇಳಬಾರದು. ಬಲಹೆಗಲು ಇಳಿದಿದೆ, ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ. ತೋಳು ಗಿಡ್ಡ ಇಡಬೇಕು, ಉದ್ದ ಇಟ್ಟರೆ ಮಡಚಿಕೊಳ್ಳುತ್ತಾಳೆ."

"ಮಡಚಿಕೊಳ್ಳುತ್ತಾಳೆ?" ಎಂದಳು ಅವಳು. "ಹೆಂಗಸಾ? ಅಯ್ಯೋ, ಆ ಸೊಂಟದ ಹೆಂಗಸು ಯಾರ್ರೀ?"

ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಸೊಂಟಕ್ಕೆ ಒಳಗೆ ಒಂದು ಇಂಚು ಬಟ್ಟೆ ಬಿಡಬೇಕು," ಮೇಷ್ಟ್ರ ದನಿ ಸಣ್ಣದಾಯಿತು. "ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಗುಡಿಸುವಾಗ ಚಳಿ. ಹೇಳಿದರೆ ಬೇಡ ಅನ್ನುತ್ತಾಳೆ. ಅಂಗಡಿ ಮೊದಲು ತೆರೆದ ತಾರೀಖಿಗೇ ಕೊಡಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಎಡಗೈ ತಾನಾಗಿಯೇ ಬಲಹೆಗಲಿಗೆ ಹೋಯಿತು.

"ಇದು ಸುಳ್ಳು," ಎಂದಳು. "ನನ್ನ ಸೊಂಟ ಮೂವತ್ತಾರು."

"ಟೇಪು ಇದೆಯಲ್ಲ ಅತ್ತಿಗೆ."

"ಹಿಡಿ. ಮೂರು ತಿಂಗಳಿಂದ ಗಂಟಲಲ್ಲಿ ಅನ್ನ ಇಳಿದಿಲ್ಲ. ಹಿಡಿದು ನೋಡು."

ಮೇಷ್ಟ್ರು ಗೌರವದಿಂದ ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ಓದತೊಡಗಿದರು. ನಾದಿನಿ ಟೇಪು ಸುತ್ತಿದಳು.

"ಎಷ್ಟು?"

"ನಲವತ್ತೆರಡೂವರೆ."

ಕ್ಯಾಲೆಂಡರ್ ಕಡೆಯಿಂದ ಒಂದು ಕೆಮ್ಮು ಬಂತು.

ಡ್ರಮ್ಮು. ಗೋಡೆಗೆ ಒರಗಿಸಿಟ್ಟು ಮರೆತದ್ದು. ಮೋಟು ಕೈ. ಎರಡು ತಿಂಗಳು ಬೀದಿ ಬೀದಿಯಲ್ಲಿ ತನ್ನನ್ನೇ ಹುಡುಕಿಕೊಂಡು, ಕಂಡರೆ ಕಳಿಸಿ ಎಂದು ಎಲ್ಲರಿಗೂ ಹೇಳಿ ಬಂದಿದ್ದಳು. ಮಂಗಳವಾರ ಅವನು ಅಷ್ಟು ನಕ್ಕದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು. ಮೊದಲು ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಅವನಿರಲಿಲ್ಲ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನಾದಿನಿಗೆ ಗೊತ್ತಾಗಲಿಲ್ಲ. ಅವಳಿಗೂ ಸರಿಯಾಗಿ ಗೊತ್ತಾಗಲಿಲ್ಲ.

ಒಳಗೆ ಬಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಬಿಚ್ಚಿದಳು. ಡಿಸೆಂಬರ್ ಹತ್ತಕ್ಕೆ ಕೋಟು ಅದರ ಯಜಮಾನಿಗೆ ಮುಟ್ಟಿತು. ಹೆಗಲು ಹೆಗಲಿಗೆ ಕೂತಿತು. ಕಾಜಾ ಮಾತ್ರ ಗಂಡಸರ ಕಡೆಗಿವೆ. ಆ ತಪ್ಪು ಅವನದಲ್ಲ.

ನಾದಿನಿ ಬೀಗ ಹಿಡಿದೇ ಬಂದಿದ್ದಳು. "ಮುಟ್ಟಿಸಿಯಾಯ್ತಲ್ಲ ಅತ್ತಿಗೆ. ಮಾತು ಮಾತೇ."

"ಅಂಗಡಿ ಬಾಗಿಲು ತೆಗೆಯೋವಾಗ ಹಾಕ್ಕೊಳ್ಳಲಿ ಅಂತ ಹೊಲಿದ ಕೋಟು. ಬಾಗಿಲೇ ತೆಗೀದಿದ್ರೆ ಕೋಟು ಯಾಕೆ?"

"ಅಂಗೈ ತಟ್ಟಿದ್ರಿ."

"ಗಿರಾಕೀನ ಕಳಿಸಿದ ಮೇಲೆ ಬರ್ತೀನಿ ಅಂದೆ. ಗಿರಾಕಿ ಹೋಗೋಕೆ ಒಪ್ತಿಲ್ಲ."

ನಾದಿನಿ ಬೀಗ ಕೈಯಲ್ಲಿ ಆಡಿಸುತ್ತ ಸ್ವಲ್ಪ ಹೊತ್ತು ಕೂತು, ಹೋಗುವಾಗ ತನಗೂ ಅಂಥದೊಂದು ಕೋಟು ಬೇಕೆಂದು ಹೇಳಿ ಹೋದಳು. ಅವಳ ನಂಬರು ಇನ್ನೂರ ಹದಿಮೂರು. ಅಳತೆ ಇಲ್ಲಿ ಹೇಳುವಂತಿಲ್ಲ, ಗಿರಾಕಿ ಗುಟ್ಟು.

ಈಗಲೂ ಬೆಳಿಗ್ಗೆ ಅವಳು ಕೋಟು ಹಾಕಿಕೊಂಡು ಬಾಗಿಲು ತೆಗೆಯುತ್ತಾಳೆ. ಮೆಟ್ಟಿಲು ಗುಡಿಸುತ್ತಾಳೆ. ಆ ಹೊತ್ತಿಗೆ ಅಂಚೆಯವನು ದಾಟುತ್ತಾನೆ. ಮೋಡವಿದ್ದರೆ ಮಾತ್ರ ಮಳೆಕೋಟು ಹಾಕಿರುತ್ತಾನೆ. ಆಮೇಲೆ ಅವಳು ಒಳಗೆ ಬಂದು ಯಂತ್ರದ ಗುಂಡಿ ಒತ್ತಿ ನಿಲ್ಲುತ್ತಾಳೆ. ಅದು ಗಂಟಲು ಸರಿಮಾಡಿಕೊಂಡು ಕೇಳುತ್ತದೆ.

"ಪಾಪ," ಎಂದು ಅವಳು ತಾರೀಖು ಹೇಳುತ್ತಾಳೆ. ತಿಂಗಳು ಮೊದಲು, ಆಮೇಲೆ ದಿನ. ವೇಳೆಯನ್ನೂ ಕೇಳುತ್ತದೆ. ಗೋಡೆ ನೋಡಿ ಅದನ್ನೂ ಹೇಳುತ್ತಾಳೆ. ಪಟ್ಟಿ ಬರುವವರೆಗೆ ಕೆಲಸಕ್ಕೆ ಕೂರಲೆಂದು ತೋಳು ಮಡಚಿಕೊಳ್ಳಲು ಕೈ ಹಾಕುತ್ತಾಳೆ. ಮಡಚಲು ಏನೂ ಸಿಗುವುದಿಲ್ಲ.